ನಿವಾಳಿಸಿದ ನೀರು

ಎಸೆನ್‌ಕುಲ್ ದೇಶವಾಳುವ ನಾಡಪಿತನ ಖಾಸಾ ಕಾವಲುಪಡೆಗೆ ಸೇರಿ ಒಂಬತ್ತು ವರ್ಷ. ಎದುರು ಬರುವವನ ನಡಿಗೆ ನೋಡಿಯೇ ಅವನ ಜೇಬಿನಲ್ಲಿ ಏನಿದೆಯೆಂದು ಹೇಳಬಲ್ಲ ಆಳು. ಈ ಪಡೆಯಲ್ಲಿ ಮೊದಲು ನಾಡಪಿತನ ಸ್ವಂತ ಊರಿನವರೇ ಇದ್ದರು. ಅವರಲ್ಲೊಬ್ಬನ ಸೋದರಮಾವ ಪಿತೂರಿಯಲ್ಲಿ ಸಿಕ್ಕಿಬಿದ್ದ. ನಲವತ್ತು ಕಾವಲುಗಾರರೂ ಒಂದೇ ವಾರದಲ್ಲಿ ಮಾಯವಾದರು. ಆಮೇಲೆ ಹೊಸ ಕಾನೂನು: ಅನಾಥರಿಗಷ್ಟೇ ಈ ಕೆಲಸ. ಹಿಂದೆ ಮುಂದೆ ಯಾರೂ ಇಲ್ಲದವನು ಯಾರಿಗಾಗಿ ದ್ರೋಹ ಬಗೆದಾನು? ಸುಳ್ಳು ಹೇಳಿ ಸೇರಿದರೆ ಅವನಿಗೂ ಅವನ ಬಳಗಕ್ಕೂ ಗಣಿಯ ಸೆರೆ.

ಎಸೆನ್‌ಕುಲ್ ತಾಯಿ ಸತ್ತಳೆಂದು ಬರೆದುಕೊಟ್ಟಿದ್ದ. ಬರೆಸಿದವಳು ತಾಯಿ ಬುರುಲ್‌ಳೇ. "ಬರಿಯೋ, ಬರೆದ ಮಾತ್ರಕ್ಕೆ ಸಾಯ್ತೀನಾ? ಕುರಿ ಹಿಂದೆ ಹೋದ್ರೆ ನಿಮ್ಮಪ್ಪನ ಹಾಗೆ ಹಿಮದಲ್ಲಿ ಹೂತುಹೋಗ್ತೀಯ."

ಆ ಬೇಸಿಗೆ ನಾಡಪಿತ ಬಂದಿಳಿದದ್ದು ಬುರುಲ್ ಇದ್ದ ಬೆಟ್ಟದ ಹುಲ್ಲುಗಾವಲಿಗೇ. ಗುಡಾರದ ಬಾಗಿಲಲ್ಲಿ ಎಸೆನ್‌ಕುಲ್‌ನ ಪಹರೆ. ಹೆಂಗಸರು ಕುದುರೆ ಹಾಲು ಹೊತ್ತು ಸಾಲಾಗಿ ಬಂದರು. ಅವರ ನಡುವಿನಿಂದ ಬುರುಲ್ ಸರ್ರನೆ ನುಗ್ಗಿ, ಮರದ ಬಟ್ಟಲಿನ ನೀರನ್ನು ಅವನ ತಲೆಯ ಸುತ್ತ ಮೂರು ಸಲ ನಿವಾಳಿಸಿಬಿಟ್ಟಳು. ದೂರದಿಂದ ಬಂದ ಮಗನಿಗೆ ಹೆತ್ತವಳು ಮಾಡುವ ಶಾಸ್ತ್ರ ಅದು. ಮಗನಿಗೆ ಬರಬೇಕಾದ ಕೇಡೆಲ್ಲ ನೀರಿಗಿಳಿಯುತ್ತದೆ. ಯಾರೂ ತುಳಿಯದ ಕಡೆ ಚೆಲ್ಲಬೇಕು.

ಪಡೆಯ ಮೇಜರ್ ಜಾನಿಶ್ ಪಟ್ಟಣದಲ್ಲಿ ಹುಟ್ಟಿ ಬೆಳೆದವನು. "ಏಯ್ ಮುದುಕಿ! ಇವನು ಯಾರೇ ನಿನಗೆ?"

"ಯಾರೂ ಅಲ್ಲ ಸಾಹೇಬ್ರೇ. ಚೆಂದದ ಹುಡುಗ, ಕಣ್ಣು ಬೀಳದಿರಲಿ ಅಂತ..."

"ಇವನಿಗ್ಯಾವ ಕಣ್ಣು ಬೀಳುತ್ತೆ, ಒಂಟೆ ಮೂತಿಯವನಿಗೆ! ಬಾಗಿಲಿಗೆ ಬಂದದ್ದನ್ನ ಕಾವಲಿನವನೇ ಮೊದಲು ರುಚಿ ನೋಡಬೇಕು. ಎಸೆನ್‌ಕುಲ್, ಕುಡಿ."

ಎಸೆನ್‌ಕುಲ್ ಅವಳ ಕೈಯಿಂದ ಬಟ್ಟಲು ತೆಗೆದುಕೊಂಡು ಎತ್ತಿದ. ತುಟಿಗೆ ತಾಕುವಷ್ಟರಲ್ಲಿ ಬುರುಲ್ ಹಾರಿಬಂದು ಹೊಡೆದು ಕೆಡವಿದಳು.

"ಕುಡೀಬ್ಯಾಡ! ಅದರಲ್ಲಿ ನಿನ್ನ ಸಾವೈತೆ!"

"ಕೇಳಿದ್ರಾ?" ಮೇಜರ್ ಕಿರುಚಿದ. "ವಿಷ! ಇವಳ ಬಾಯಿಂದಲೇ ಬಂತು!"

ಸಾಲಿನಲ್ಲಿದ್ದ ಒಬ್ಬೊಬ್ಬ ಹೆಂಗಸಿಗೂ ಗೊತ್ತಿತ್ತು ಅದೆಂಥ ನೀರೆಂದು. ಒಬ್ಬಳೂ ತುಟಿ ಬಿಚ್ಚಲಿಲ್ಲ. ಶಾಸ್ತ್ರವನ್ನು ಬಿಡಿಸಿ ಹೇಳಿದರೆ ಹೆತ್ತವಳ ಗುಟ್ಟೂ ಬಯಲಾಗುತ್ತದಲ್ಲ! ಕಾವಲಿನವರು ಬುರುಲ್‌ಳ ತೋಳು ಹಿಂದಕ್ಕೆ ತಿರುಚಿದಾಗ ಮೂಳೆ ಲಟಕ್ಕೆಂದಿತು. ಅವಳು ಮಗನ ಕಡೆ ಮಾತ್ರ ನೋಡಲಿಲ್ಲ.

"ಗೊತ್ತೇನೋ ಇವಳು?" ಎಂದ ಮೇಜರ್.

ಎಸೆನ್‌ಕುಲ್ ನೆಟ್ಟಗೆ ನಿಂತ. "ಇಲ್ಲ ಸಾರ್."

ಬುರುಲ್‌ಳನ್ನು ವ್ಯಾನಿಗೆ ತಳ್ಳಿದರು. ಗದ್ದಲ ಕೇಳಿ ನಾಡಪಿತ ಹೊರಬಂದ. ನನಗಾಗಿ ವಿಷ ಕುಡಿಯಲು ಹೊರಟ ಗಂಡು ಇವನೇ ಏನು ಎಂದು ಎಸೆನ್‌ಕುಲ್‌ನ ಭುಜ ತಟ್ಟಿದ.

"ಭೇಷ್! ಎಂಥ ತಾಯಿ ಹೆತ್ತಳೋ ನಿನ್ನ!"

ದೂಳೆಬ್ಬಿಸಿಕೊಂಡು ವ್ಯಾನು ಇಳಿಜಾರಿಗೆ ಹೊರಳುತ್ತಿತ್ತು. ಎಸೆನ್‌ಕುಲ್ ಹಿಮ್ಮಡಿ ಜೋಡಿಸಿ ಸೆಲ್ಯೂಟ್ ಹೊಡೆದ. ಕೈ ಒಂದಿಷ್ಟೂ ನಡುಗಲಿಲ್ಲ. ಅದನ್ನು ಕಂಡು ಅವನಿಗೇ ಎದೆ ಧಸಕ್ಕೆಂದಿತು.