ಪಾಳೇಗಾರನ ಪಲ್ಲಕ್ಕಿ

ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದೆ ಬುಟ್ಟಿ ಹೆಣೆಯುವವರು ಹಸಿ ಬಿದಿರು ಸೀಳುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಮುಂದೆ ಹೋಗಲಿಲ್ಲ. ಎಷ್ಟೋ ವರ್ಷವಾಯಿತು, ಇನ್ನೂ ಹಾಗೇ... ನನಗೆ ಬಿದಿರು ಎಂದರೆ ನಮ್ಮ ಇತಿಹಾಸದ ಮೇಷ್ಟ್ರು.

ಉಚ್ಚಂಗಿದುರ್ಗದ ಕಡೆಯ ನಮ್ಮ ಹೈಸ್ಕೂಲಿಗೆ ಅವರು ಬಂದದ್ದು ತೊಂಬತ್ತರ ದಶಕದ ಕೊನೆಗೆ. ಮೈಸೂರು ಕಡೆಯವರು, ಕಡ್ಡಿಯಂಥ ಆಳು, ಸದಾ ಅವಸರ. "ಇತಿಹಾಸ ಓದಬೇಡಿ ಕಣ್ರೋ, ಆಡಿ" ಎಂದು ಮೊದಲ ದಿನವೇ ಪುಸ್ತಕ ಮುಚ್ಚಿಸಿದರು. ಕೋಟೆ ಮುತ್ತಿಗೆಯ ಪಾಠಕ್ಕೆ ನಮ್ಮನ್ನು ಬಂಡೆ ಹತ್ತಿಸಿ, ಮಧ್ಯಾಹ್ನವೆಲ್ಲ ನೀರು ಕೊಡದೆ ಕೂರಿಸಿದರು. ಕೋಟೆ ಯಾಕೆ ಬಿತ್ತು ಎಂದು ಆಮೇಲೆ ಯಾರೂ ಬಾಯಿಪಾಠ ಮಾಡಬೇಕಾಗಲಿಲ್ಲ. ಒಂದಾದ ಮೇಲೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದೇ ಕಾರಣವಲ್ಲ ಎಂಬ ಮಾತನ್ನಂತೂ ತಲೆ ಚಿಟ್ಟು ಹಿಡಿಯುವಷ್ಟು ಹೇಳುತ್ತಿದ್ದರು.

ಒಂಬತ್ತನೇ ತರಗತಿಯಲ್ಲಿ ಪಾಳೇಗಾರನ ಪುರಪ್ರವೇಶ ಆಡಿಸಿದರು. ಪಲ್ಲಕ್ಕಿ ನೀವೇ ಕಟ್ಟಿ ಎಂದರು. ನಾವು ಬಿದಿರು ಸೀಳಿ ಕಮಾನು ಬಗ್ಗಿಸಿದೆವು, ಬಾಳೆಕಂದು ಕಟ್ಟಿದೆವು, ಚೆಂಡು ಹೂವಿನ ಸರ ಇಳಿಬಿಟ್ಟೆವು. ನಮ್ಮ ಮನೆತನಗಳಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನ ವಿಮಾನ ಕಟ್ಟಿ, ಅದರಲ್ಲಿ ಕೂರಿಸಿ, ಹೆಗಲ ಮೇಲೆ ಹೊತ್ತೊಯ್ಯುತ್ತಾರೆ. ಮನುಷ್ಯರನ್ನು ಹೊರುವುದನ್ನು ನಾವು ಕಂಡದ್ದು ಅದೊಂದೇ ರೀತಿ. ಕೈಗೆ ರೂಢಿಯಿದ್ದದ್ದನ್ನು ಕೈ ಮಾಡಿತು. ಮೇಷ್ಟ್ರಿಗೆ ಆ ಪದ್ಧತಿಯೇ ಗೊತ್ತಿರಲಿಲ್ಲ. "ಭೇಷ್" ಎಂದು ನಮ್ಮೆಲ್ಲರ ಬೆನ್ನು ತಟ್ಟಿದರು.

ಪಾಳೇಗಾರನಾಗಿದ್ದವನು ತರಗತಿಯಲ್ಲೇ ಹೆಚ್ಚು ನಗುವ ಹುಡುಗ. ಅವನನ್ನು ಕೂರಿಸಿಕೊಂಡು, ಹಲಗೆ ಬಾರಿಸುತ್ತಾ ಓಣಿಗೆ ಬಂದಾಗ ಅವನ ಅಜ್ಜಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ನೋಡಿದವಳೇ ಮೊರ ಚೆಲ್ಲಿ ಎದ್ದಳು.

"ಇದೇನ್ರಿ ಸರ, ಬದುಕಿರೋ ಮೊಮ್ಮಗನ್ನ ವಿಮಾನದಾಗ ಕುಂದ್ರಿಸೀರಿ?"

ಮೇಷ್ಟ್ರು, "ಪಲ್ಲಕ್ಕಿ ಕಣಜ್ಜಿ" ಎಂದು ನಕ್ಕರು. ಪಕ್ಕದವರು ಬಿಡಿಸಿ ಹೇಳಿದಾಗ ಆ ನಗು ಹೋಯಿತು. ತಾವೇ ಹುಡುಗನನ್ನು ಎತ್ತಿ ಇಳಿಸಿದರು. ಸಂಜೆ ಮನೆಗೆ ಹೋಗಿ ಅಜ್ಜಿಯ ಕಾಲು ಮುಟ್ಟಿದರು. ಅವಳು ದೊಡ್ಡ ಮನಸ್ಸಿನವಳು. "ಹೋಗ್ಲಿ ಬಿಡ್ರಿ ಸರ, ನಮ್ಮ ಪದ್ಧತಿ ನಿಮಗೇನು ಗೊತ್ತು" ಎಂದು ಚಹಾ ಕುಡಿಸಿ ಕಳಿಸಿದಳು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು...

ಆ ಮಳೆಗಾಲ ಹುಡುಗನಿಗೆ ಜ್ವರ ಬಂತು, ಮೆದುಳಿಗೇರಿತು. ದಾವಣಗೆರೆಗೆ ಒಯ್ದರು. ಅವನು ಉಳಿಯಲಿಲ್ಲ. ಅದೇ ಓಣಿಯಲ್ಲಿ ವಿಮಾನ ಹೋಯಿತು. ಮೇಷ್ಟ್ರು ಎಲ್ಲರಿಗಿಂತ ಹಿಂದೆ, ಒಬ್ಬರೇ ನಡೆಯುತ್ತಿದ್ದರು. ಅಜ್ಜಿ ಅವರಿಗೆ ಒಂದು ಮಾತೂ ಆಡಲಿಲ್ಲ. ಆಡಿದ್ದು ಊರು.

"ಮೇಷ್ಟ್ರು ಮೊದ್ಲ ತಾಲೀಮು ಮಾಡಿಸ್ಯಾರ, ಬಿಡು."

ಆಮೇಲೆ ಅವರು ನಮ್ಮನ್ನು ಬೆಂಚಿನಿಂದ ಏಳಿಸಲೇ ಇಲ್ಲ. ಕುರ್ಚಿಯಲ್ಲಿ ಕೂತು ಪುಸ್ತಕ ಓದುತ್ತಿದ್ದರು, ನಾವು ಗೆರೆ ಎಳೆದುಕೊಳ್ಳುತ್ತಿದ್ದೆವು. ಒಂದು ದಿನ ತಡೆಯಲಾರದೆ ವರಾಂಡದಲ್ಲಿ ಕೇಳಿಬಿಟ್ಟೆ.

"ಸರ, ಒಂದರ ಹಿಂದ ಒಂದು ಆದ್ರ ಮೊದಲಿಂದೇ ಕಾರಣ ಅಲ್ಲ ಅಂತ ನೀವ ಹೇಳಿದ್ರಲ್ರೀ?"

"ಹೇಳಿದ್ದೆ ಕಣಮ್ಮ. ಆಗ ಯಾವ ಮಗುವೂ ಸತ್ತಿರಲಿಲ್ಲ" ಎಂದರು. ವರ್ಷದ ಕೊನೆಗೆ ವರ್ಗ ಮಾಡಿಸಿಕೊಂಡು ಹೋದರು. ಈಗ ಅವರೂ ಇಲ್ಲವಂತೆ...

ನಾನೂ ಇತಿಹಾಸದ ಟೀಚರ್ ಆದೆ. ಅವರದು ತಪ್ಪಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಜ್ವರ ಯಾವುದರಿಂದ ಬರುತ್ತದೆ ಎಂಬುದೂ ಗೊತ್ತು. ಮೊನ್ನೆ ಒಬ್ಬ ಹುಡುಗಿ, "ಮಿಸ್, ಈ ಪಾಠ ನಾಟಕ ಮಾಡಿ ಆಡೋಣೇನ್ರಿ?" ಎಂದಳು. ಇಡೀ ತರಗತಿ ಆಸೆಯಿಂದ ನನ್ನ ಮುಖ ನೋಡಿತು.

"ಕುಂದ್ರು. ಮುಂದಿನ ಪುಟ ತೆಗಿ" ಎಂದೆ.