ಮಾವ ತಟ್ಟಿ ನೋಡಿದ ಕಮಾನು

ಕಿಟಕಿಯ ಮೇಲೆ ಕಮಾನು ಬೇಕೆಂದು ಹಟ ಹಿಡಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನನ್ನ ಹೆಂಡತಿ ರತ್ನ ಹೇಳುತ್ತಾಳೆ. ನಾನು ದಾವಣಗೆರೆ ಕಡೆಯವನು. ಕಾರ್ಖಾನೆ ಕೆಲಸಕ್ಕೆಂದು ಕೆಜಿಎಫ್‌ಗೆ ಬಂದು, ಇಲ್ಲಿಯ ಹುಡುಗಿಯನ್ನೇ ಮದುವೆಯಾಗಿ, ರಾಬರ್ಟ್‌ಸನ್‌ಪೇಟೆಯಲ್ಲಿ ಮನೆ ಮಾಡಿಕೊಂಡವನು. ಸಂಜೆ ವಾಕಿಂಗ್ ಹೋದಾಗ ಗಣಿ ಕಾಲದ ಬಂಗಲೆಗಳ ಕಮಾನು ಕಿಟಕಿಗಳನ್ನು ನೋಡಿ ನೋಡಿ, ನನ್ನ ಮನೆಯ ಚೌಕ ಕಿಟಕಿಗಳು ಹುಬ್ಬಿಲ್ಲದ ಕಣ್ಣಿನ ಹಾಗೆ ಕಾಣತೊಡಗಿದ್ದವು.

ಅಷ್ಟರಲ್ಲಿ ಮನೆಗೆ ಒಂದು ಕೋಣೆ ಸೇರಿಸುವ ಸಂದರ್ಭ ಬಂತು. ಕೋರಮಂಡಲ್‌ನ ಗಣಿ ಕಾರ್ಮಿಕರ ಲೈನು ಮನೆಯಲ್ಲಿದ್ದ ಮಾವನವರಿಗೆ ಮಂಡಿನೋವು ಹೆಚ್ಚಾಗಿ, ನಲ್ಲಿಯವರೆಗೆ ನಡೆಯುವುದೂ ಕಷ್ಟವಾಗಿತ್ತು. ನಮ್ಮಲ್ಲಿಗೆ ಬಂದಿರಲು ರತ್ನ ಅವರನ್ನು ಹೇಗೋ ಒಪ್ಪಿಸಿದ್ದಳು. ಆ ಕೋಣೆ ಅವರಿಗಾಗಿ. ಕಮಾನು ಮಾತ್ರ ನನಗಾಗಿ.

ಕಾಮಸಮುದ್ರದಿಂದ ಬಸ್ಸಿನಲ್ಲಿ ಬರುತ್ತಿದ್ದ ಮೇಸ್ತ್ರಿ ಮುನಿವೆಂಕಟಪ್ಪ ಹಳೇ ಪದ್ಧತಿಯವರು. ಕಿಟಕಿಯ ಜಾಗದಲ್ಲಿ ಗಾರೆಯಿಲ್ಲದೆ ಇಟ್ಟಿಗೆ ಪೇರಿಸಿ, ಅದರ ನೆತ್ತಿಗೆ ಕೆಸರು ಮೆತ್ತಿ ಅರ್ಧಚಂದ್ರ ಮಾಡಿದರು. ಅದರ ಬೆನ್ನಿನ ಮೇಲೆ ಎರಡೂ ಕಡೆಯಿಂದ ಇಟ್ಟಿಗೆ ನಿಲ್ಲಿಸುತ್ತ ಬಂದು, ನಡುವೆ ಕೊನೆಯದನ್ನು ಬಿಗಿದರು. ಗಾರೆ ಒಣಗಿದ ಮೇಲೆ ಒಳಗಿನ ಪೇರಿಕೆ ತೆಗೆದರೆ ಕಮಾನು ತಾನೇ ನಿಲ್ಲುತ್ತದೆ. ನಮ್ಮ ಹಳೆಯ ದೇವಸ್ಥಾನ ಕಟ್ಟಿದವರು ಹೆಚ್ಚಾಗಿ ಕಂಬದ ಮೇಲೆ ತೊಲೆ ಇಟ್ಟು ನಿಶ್ಚಿಂತೆಯಾಗಿದ್ದರು, ಈ ಗೊಡವೆಗೆ ಹೋಗಲಿಲ್ಲ. ಅವರ ಮನೆಗಳಲ್ಲೂ ಮಾವಂದಿರಿದ್ದರೋ ಏನೋ.

ಏಕೆಂದರೆ ನನ್ನ ಮಾವ ಗಣಿ ಮುಚ್ಚುವವರೆಗೂ ಮಾಡಿದ್ದು ಒಂದೇ ಕೆಲಸ: ಪಾತಾಳದಲ್ಲಿ ತಲೆಯ ಮೇಲಿನ ಬಂಡೆಗೆ ಮರದ ದಿಮ್ಮಿಯ ಆಸರೆ ನಿಲ್ಲಿಸುವುದು. ಮೇಸ್ತ್ರಿ ಪೇರಿಕೆ ತೆಗೆಯಲು ಕೈ ಹಾಕಿದ ದಿನ ಅವರು ಆಟೋದಲ್ಲಿ ಬಂದಿಳಿದು, ಒಂದು ಕಬ್ಬಿಣದ ಸರಳಿನಿಂದ ಕಮಾನನ್ನು ತಟ್ಟಿ, ಕಿವಿಗೊಟ್ಟು ಕೇಳಿದರು. ಗಣಿಯಲ್ಲಿ ಬಂಡೆಯನ್ನು ಹೀಗೇ ಕೇಳುತ್ತಿದ್ದರಂತೆ. ಟಣ್ ಎಂದರೆ ಗಟ್ಟಿ, ದೊಬ್ ಎಂದರೆ ಅಪಾಯ. ನಮ್ಮ ಕಮಾನು ಎರಡೂ ಅಲ್ಲದ ಸದ್ದು ಮಾಡಿತು.

“ಆಸರೆ ಮುಟ್‌ಬೇಡಿ,” ಎಂದರು ಮಾವ.

ನಾನು ಓದಿದವನಲ್ಲವೇ, ವಿವರಿಸಿದೆ. “ಮಾವ, ಪ್ರತಿ ಇಟ್ಟಿಗೆಯೂ ಬೀಳೋಕೆ ನೋಡುತ್ತೆ. ಪಕ್ಕದ್ದು ಬಿಡಲ್ಲ. ಹಾಗಾಗಿ ಯಾವುದೂ ಬೀಳಲ್ಲ.”

“ಬೀಳಾಕ್ ನೋಡೋರ್ನೆಲ್ಲಾ ಒಂದ್ಕಡೆ ಸೇರ್ಸಿ, ಅದ್ರ ಕೆಳಗೆ ನನ್ ಮಂಚ ಆಕ್ತೀರಾ ಅಳಿಯಂದಿರೇ?” ಎಂದರು. “ನಾನಿಲ್ಲಿ ಮನಿಕ್ಕಳಲ್ಲ.”

ಮೇಸ್ತ್ರಿ ಕೈತೊಳೆದುಕೊಂಡರು. “ಇಟ್ಟಿಗೆ ನನ್ ಮಾತ್ ಕೇಳ್ತದೆ ಸಾರ್. ಯಜಮಾನ್ರು ಕೇಳಲ್ಲ.”

ಚಾವಣಿ ಹಾಕಿದ್ದಾಯಿತು, ಗಿಲಾವು ಮುಗಿಯಿತು, ಕಿಟಕಿ ಮಾತ್ರ ಆ ಇಟ್ಟಿಗೆ ಪೇರಿಕೆಯಿಂದ ಮುಚ್ಚಿಕೊಂಡೇ ಇತ್ತು. ಹಗಲಲ್ಲೂ ದೀಪ ಹಾಕಬೇಕಾದ ಕೋಣೆ. ಮಾವ ಕೋರಮಂಡಲ್ ಬಿಟ್ಟು ಬರಲಿಲ್ಲ. “ಅಪ್ಪನ್ನ ಗಣಿಯಿಂದ ಆಚೆ ಕರ್ಕೊಂಡ್ ಬರೋಣ ಅಂದ್ರೆ ಇನ್ನೊಂದ್ ಗಣಿ ಕಟ್ಸಿದೀರ,” ಎಂದು ರತ್ನ ನನಗೆ ಅನ್ನ ಬಡಿಸುವಾಗಲೆಲ್ಲ ಹೇಳುತ್ತಿದ್ದಳು. ಅವಳ ಕಣ್ಣು ತುಂಬಿರುತ್ತಿತ್ತು. ಕಮಾನಿನ ಆಸೆಗೆ ಮಾವನನ್ನೇ ದೂರ ಮಾಡಿಕೊಂಡೆನಲ್ಲ ಎಂದು ನನಗೂ ಅನ್ನ ಇಳಿಯುತ್ತಿರಲಿಲ್ಲ.

ಕೊನೆಗೆ ದಾರಿ ಹುಡುಕಿದವಳೂ ಅವಳೇ. ಒಂದು ಭಾನುವಾರ ಕೋರಮಂಡಲ್‌ಗೆ ಹೋಗಿ ಕೂತಾಗ ಅಪ್ಪನನ್ನು ಕೇಳಿದಳು: “ಗಣಿ ಒಳಗೆ ಆಸರೆ ತೆಗೀಬೇಕಾದ್ರೆ ಯಾರ್ ತೆಗೀತಿದ್ರಪ್ಪಾ?”

“ಇನ್ಯಾರು? ನಾನೇ. ಬ್ಯಾರೆಯೋರ್ನ ಮುಟ್ಟಾಕ್ ಬಿಡ್ತಿರ್ಲಿಲ್ಲ.”

“ಅಂಗಾದ್ರೆ ಇದ್ನೂ ನೀನೇ ಬಂದ್ ತೆಗಿ.”

ಮಾವ ಎದ್ದು ಅಡುಗೆಮನೆಗೆ ಹೋದರು. ಅಲ್ಲಿ ಎಷ್ಟೋ ವರ್ಷದಿಂದ ಈರುಳ್ಳಿ ತುಂಬಿಟ್ಟಿದ್ದ ಗಣಿಯ ಟೋಪಿಯನ್ನು ಬರಿದು ಮಾಡಿಕೊಂಡು ಬಂದರು.

ಮರುದಿನ ಬೆಳಿಗ್ಗೆ ಆ ಟೋಪಿ ಹಾಕಿಕೊಂಡು, ನೀಲಗಿರಿ ಕಂಬವೊಂದನ್ನು ಆಟೋಗೆ ಕಟ್ಟಿಸಿಕೊಂಡು ಬಂದರು. “ಎಲ್ರೂ ಆಚೆ ಓಗಿ,” ಎಂದರು. ನಾವು ಅಂಗಳದಲ್ಲಿ ನಿಂತೆವು. ಒಳಗೆ ಒಂದು ಇಟ್ಟಿಗೆ ತೆಗೆಯುವ ಸದ್ದು, ಆಮೇಲೆ ತಟ್ಟುವ ಸದ್ದು, ಆಮೇಲೆ ಕೇಳಿಸಿಕೊಳ್ಳುವ ಮೌನ. ನೆತ್ತಿಯ ಕೆಸರು ಮೊದಲು ಉದುರಿತು. ಅದರ ಹಿಂದೆ ಟೋಪಿ ಕಂಡಿತು, ಹಣೆ ಕಂಡಿತು, ಬೆವರಿದ ಮುಖ ಕಂಡಿತು. ಕಮಾನಿಗೆ ಆಸರೆಯಾಗಿ ಕೊಟ್ಟಿದ್ದ ನೀಲಗಿರಿ ಕಂಬವನ್ನು ಅವರು ಕೊನೆಗೆ ಹೊಡೆದು ಉರುಳಿಸಿದಾಗ ರತ್ನ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಏನೂ ಬೀಳಲಿಲ್ಲ. ಮಾವ ಕಮಾನಿನ ಕೆಳಗೇ ನಿಂತು, ಅಂಗೈಯಿಂದ ಅದನ್ನು ಒಮ್ಮೆ ಸವರಿ, ಕಿಟಕಿಯಿಂದ ಇಣುಕಿದರು.

“ರತ್ನಾ, ನನ್ ಮಂಚ ಯಾವಾಗ ತರ್ಸ್ತೀಯ?”

ಮಂಚ ಅದೇ ಸಂಜೆ ಬಂತು. ಈಗ ಮಾವ ಮಧ್ಯಾಹ್ನ ಉಂಡು ಆ ಕಿಟಕಿಯ ಕೆಳಗೆ ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಾರೆ. ಅವರಿಗೆ ಎಚ್ಚರವಾಗದಂತೆ ಮೆಲ್ಲಗೆ ಹೋಗಿ, ಕಮಾನನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳುವವನು ನಾನು.