ಹಾಸಿನ ಮುಂದೆ ಕೆಂಪು ನಿಶಾನಿ

ನನ್ನ ಕೈಗೆ ಗಂಜಿ ಹತ್ತಿದ ಹೊತ್ತು ನೋಡಿಯೇ ಜನಕ್ಕೆ ಮಾತು ನೆನಪಾಗುತ್ತದೆ. ಮೊದಲು ಮಗಳು ಹಾಲಿಗೆ ಅತ್ತಳು, ಆಮೇಲೆ ಅತ್ತೆ ಕರೆದರು, ಕೊನೆಗೆ ರೈಲಿನ ಕಾವಲುಗಾರ ಮುದುಕ ದಿಬ್ಬ ಹತ್ತಿ ಬಂದ.

ಬಾದಾಮಿಯ ಹೊರಗೆ, ಸೇತುವೆಗೆ ಕಲ್ಲು ಸಾಗಿಸಲು ಹಾಕಿದ್ದ ರೈಲಿನ ಕವಲು ದಾರಿ ಅದು. ಕೆಲಸ ಮುಗಿದ ಮೇಲೆ ಹಳಿ ಕಿತ್ತು ಒಯ್ದರು, ನೆಟ್ಟಗಿನ ದಿಬ್ಬ ಉಳಿಯಿತು. ನೇಯುವ ಮುಂಚೆ ಸೀರೆಯ ಹಾಸು, ಅಂದರೆ ಉದ್ದೆಳೆಗಳನ್ನು, ಉದ್ದಕ್ಕೆ ಎಳೆದು ಕಟ್ಟಿ ಗಂಜಿ ಹಚ್ಚಲು ಅಂಥ ಜಾಗ ನಮ್ಮ ಓಣಿಯಲ್ಲಿ ಎಲ್ಲಿದೆ?

"ತೆಗಿ ತಂಗಿ, ಹಳಿ ಮ್ಯಾಲ ಏನೂ ಇರಬಾರದು."

"ಹಳಿ ಎಲ್ಲೈತ್ರಿ ಕಾಕಾ?"

"ಹಳಿ ಹೋಗೇತಿ, ಹುಕುಂ ಹೋಗಿಲ್ಲ."

"ಹಸಿ ಹಾಸು ಸುತ್ತಿದ್ರ ಎಳಿ ಅಂಟಿ ಸೀರಿ ಕೆಡ್ತೈತಿ. ಒಣಗೂತನಕ ನಾ ತೆಗ್ಯಾಂಗಿಲ್ಲ. ದಾರ್ಯಾಗ ಅಡ್ಡಿ ಇದ್ರ ನಿಮ್ಮ ಹುಕುಂ ಏನ್ ಹೇಳ್ತೈತ್ರಿ?"

"ತೆಗಿಯೂತನಕ ಕೆಂಪು ನಿಶಾನಿ ಹಿಡಿದು ನಿಂದರಬೇಕು."

"ಹಂಗಾರ ನಿಂದರ್ರಿ."

ಪುಣ್ಯಾತ್ಮ ಖರೇನೇ ನಿಂತ, ಬಾರದ ರೈಲಿಗೆ ಮುಖ ಮಾಡಿಕೊಂಡು, ಬಿಸಿಲಲ್ಲಿ. ಹಾಸಿನ ಹತ್ತಿರ ಬಂದ ಆಡುಗಳನ್ನು ಅದೇ ನಿಶಾನಿ ಬೀಸಿ ಓಡಿಸಿದ. ಎಳೆ ಒಣಗಿತು, ಸುತ್ತಿಕೊಂಡೆ. ಅವನು ಮಾತ್ರ ನಿಶಾನಿ ಮಡಚಲಿಲ್ಲ. ಅದನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿ ಕೇಳಿದ:

"ಇವತ್ತರ ಕಾಯಾಕ ಒಂದು ಏನರ ಇತ್ತು. ನಾಳಿಂದ ನಾ ಏನ್ ಕಾಯ್ಲಿ, ತಂಗಿ?"